ಪ್ಲಗ್ ಹೊಸದು, ಪಂಪ್ ಹೊಸದು, ಆದರೂ ಗಾಡಿ ಯಾಕೆ ನಡುಗುತ್ತದೆ?

ಪ್ರಶ್ನೆ: ಸರ್, ನನ್ನದು 2008ರ ಪೆಟ್ರೋಲ್ ವ್ಯಾಗನ್ ಆರ್. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಗಡಗಡ ನಡುಗುತ್ತದೆ. ಎಸಿ ಹಾಕಿದರೆ ಇನ್ನೇನು ಬಂದ್ ಆಗುತ್ತದೆ ಅನ್ನಿಸುತ್ತದೆ. ಹುಬ್ಬಳ್ಳಿ ರಸ್ತೆಯಲ್ಲಿ ಲಾರಿ ದಾಟಲು ಆಕ್ಸಿಲರೇಟರ್ ಒತ್ತಿದರೆ ಪಿಕಪ್ಪೇ ಇಲ್ಲ, ಜರ್ಕ್ ಹೊಡೆಯುತ್ತದೆ. ಪ್ಲಗ್, ಏರ್ ಫಿಲ್ಟರ್, ಕೊನೆಗೆ ಪೆಟ್ರೋಲ್ ಪಂಪನ್ನೂ ಹೊಸದು ಹಾಕಿಸಿದೆ. ಸ್ವಲ್ಪ ದಿನ ಚಲೋ ಅನ್ನಿಸಿತು, ಮತ್ತೆ ಅದೇ ಕಥೆ. ಈಗ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಬದಲಿಸಬೇಕು ಅನ್ನುತ್ತಿದ್ದಾರೆ. ಚೆಕ್ ಎಂಜಿನ್ ಲೈಟ್ ಮಾತ್ರ ಬಂದಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಬೆಳಿಗ್ಗೆ, ತೊಂದರೆ ಜಾಸ್ತಿ. ಏನು ಮಾಡಲಿ?
– ಗದಗದ ಓದುಗರು

ಉತ್ತರ: ಇಸಿಎಂಗೆ ಈಗಲೇ ದುಡ್ಡು ಹಾಕಬೇಡಿ. ಅದು ಕೆಡುವುದು ಅಪರೂಪ. ಬೇರೆಲ್ಲಾ ನೋಡಿ ಮುಗಿದ ಮೇಲೆ ಅದರ ಸರದಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಮಳೆಗಾಲದ ಆ ಒಂದು ಮಾತು. ಗ್ಯಾರೇಜಿನಲ್ಲಿ ಅದನ್ನು ಹೇಳಿದ್ದಿರಾ? ಗಾಡಿ ಯಾವಾಗ ಕಾಟ ಕೊಡುತ್ತದೆ, ಯಾವಾಗ ಕೊಡುವುದಿಲ್ಲ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಕೇಳದೆ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಖರ್ಚಿಗೆ ಕೊನೆಯೇ ಇಲ್ಲ.

ಥಂಡಿ, ತೇವ ಇದ್ದಾಗ ಮಿಸ್ಸಿಂಗ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ತಪ್ಪುವುದು) ಜಾಸ್ತಿ ಆಗುತ್ತದೆ ಅಂದರೆ ನಾನು ಮೊದಲು ಅನುಮಾನ ಪಡುವುದು ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವ ಎಚ್‌ಟಿ (ಹೈ ಟೆನ್ಷನ್) ವೈರ್‌ಗಳ ಮೇಲೆ. ನೀವು ಬದಲಿಸಿದ ಪಾರ್ಟ್‌ಗಳಲ್ಲಿ ಅವು ಇಲ್ಲ ನೋಡಿ. ಆ ವೈರಿನಲ್ಲಿ ಹರಿಯುವುದು ಹತ್ತು ಸಾವಿರ ವೋಲ್ಟ್‌ಗೂ ಮೇಲೆ. ವರ್ಷಗಟ್ಟಲೆ ಎಂಜಿನ್ ಬಿಸಿ ತಿಂದು ರಬ್ಬರ್ ಗಟ್ಟಿಯಾಗಿ, ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಕರೆಂಟ್ ಪ್ಲಗ್ ತುದಿಗೆ ಹೋಗುವ ಬದಲು ಪಕ್ಕದ ಕಬ್ಬಿಣಕ್ಕೆ ಹಾರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ, ಅಲ್ಲಿ ಕಿಡಿ ಹುಟ್ಟಲು ಇನ್ನೂ ಜಾಸ್ತಿ ವೋಲ್ಟೇಜ್ ಬೇಕು, ಆಗ ಸೋರಿಕೆಯೂ ಜಾಸ್ತಿ. ಪಿಕಪ್ ಹೋಗುವುದು ಹೀಗೆ. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಚಾಲೂ ಇರುವಾಗ) ಎಂಜಿನ್ ನಿಧಾನಕ್ಕೆ ತಿರುಗುವುದರಿಂದ ನಾಲ್ಕರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೂ ನಡುಕ ಸೀಟಿನವರೆಗೆ ಬರುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ರಾತ್ರಿ, ಲೈಟ್ ಇಲ್ಲದ ಆದರೆ ಗಾಳಿ ಆಡುವ ಜಾಗದಲ್ಲಿ ಬಾನೆಟ್ ತೆಗೆದು ಎಂಜಿನ್ ಚಾಲೂ ಇಡಿ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ವೈರ್‌ಗಳ ಮೇಲೆ ತೆಳ್ಳಗೆ ನೀರಿನ ತುಂತುರು ಹಾಕಿ, ಸ್ವಲ್ಪ ದೂರ ನಿಂತು ನೋಡಿ. ಸೋರುತ್ತಿದ್ದರೆ ವೈರಿನ ಪಕ್ಕದಲ್ಲಿ, ಪ್ಲಗ್ ಟೊಪ್ಪಿಗೆಯ ಬುಡದಲ್ಲಿ, ಸಣ್ಣ ನೀಲಿ ಕಿಡಿಗಳು ಚಟ್ ಚಟ್ ಅಂತ ಹಾರುತ್ತವೆ. ಅದೇ ಹೊತ್ತಿಗೆ ಎಂಜಿನ್ ತಡವರಿಸುತ್ತದೆ. ವೈರ್ ಮುಟ್ಟಬೇಡಿ, ಹೊಡೆತ ಜೋರಾಗಿರುತ್ತದೆ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಕಿಡಿ ಕಂಡರೆ ಪೂರ್ತಿ ಸೆಟ್ ಬದಲಿಸಿ, ಒಂದೇ ವೈರ್ ಅಲ್ಲ, ಯಾಕೆಂದರೆ ಉಳಿದವಕ್ಕೂ ಅಷ್ಟೇ ವಯಸ್ಸಾಗಿದೆ.

ಹೊಸ ಪ್ಲಗ್ ಅಂತ ಅದನ್ನು ಸುಮ್ನೆ ಬಿಡಬೇಡಿ. ಬಿಚ್ಚಿಸಿ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ. ತುದಿ ತಿಳಿ ಕಂದು ಇದ್ದರೆ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಆಯಿಲ್ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಮೂರು ಕಂದು, ಒಂದು ಪೆಟ್ರೋಲಿನಲ್ಲಿ ಒದ್ದೆ ಅಂದರೆ ಆ ಸಿಲಿಂಡರಿನಲ್ಲಿ ಕಿಡಿ ಸರಿಯಾಗಿ ಬೀಳುತ್ತಿಲ್ಲ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ ಇದೆಯಾ ಅಂತಲೂ ನೋಡಿ, ಕರೆಂಟ್ ಹೊರಗಿನಿಂದ ಹರಿದ ಗುರುತು ಅದು. ಹಳೇ ವೈರಿನ ಮೇಲೆ ಹೊಸ ಪ್ಲಗ್ ಹಾಕಿದಾಗ ಸ್ವಲ್ಪ ದಿನ ಚೆನ್ನಾಗಿ ಓಡಿ ಮತ್ತೆ ಶುರುವಾಗುವುದು ನಿಮ್ಮೊಬ್ಬರ ಗಾಡಿಯಲ್ಲಿ ಮಾತ್ರ ಅಲ್ಲ. ಹೊಸ ಪ್ಲಗ್‌ನ ಗ್ಯಾಪ್ ಚಿಕ್ಕದಿರುವುದರಿಂದ ಸೊರಗಿದ ಕರೆಂಟೂ ಅದನ್ನು ದಾಟುತ್ತದೆ.

ವೈರ್ ಚೆನ್ನಾಗಿದ್ದರೆ? ಆಗ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ಹುಡುಕಬೇಕು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ನಳಿಕೆ) ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚಿ ಮತ್ತೆ ಹಾಕಲು ಮೆಕ್ಯಾನಿಕ್‌ಗೆ ಹೇಳಿ. ಸರಿಯಾಗಿರುವ ಸಿಲಿಂಡರಿನದು ಕಳಚಿದರೆ ಎಂಜಿನ್ ಕೂಡಲೇ ಕುಸಿಯುತ್ತದೆ, ಕೆಟ್ಟದ್ದನ್ನು ಕಳಚಿದರೆ ಏನೂ ವ್ಯತ್ಯಾಸ ಆಗುವುದಿಲ್ಲ. ನಮ್ಮ ಕಡೆ ಇನ್ನೂ ಬಹಳ ಜನ ಪ್ಲಗ್ ವೈರನ್ನೇ ಎಳೆದು ನೋಡುತ್ತಾರೆ, ಅದು ಬೇಡ. ಕೈಗೆ ಶಾಕ್ ಹೊಡೆಯುವುದು ಒಂದು, ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಾದು ಹಾಳಾಗುವುದು ಇನ್ನೊಂದು. ಕೆಟ್ಟ ಸಿಲಿಂಡರ್ ಸಿಕ್ಕಿತು, ಕಿಡಿಯೂ ಇದೆ, ಇಂಜೆಕ್ಟರೂ ಸರಿ ಅಂದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಏರುವ ಒತ್ತಡ) ಚೆಕ್ ಮಾಡಿಸಿ. ಸಿಲಿಂಡರ್‌ಗಳ ನಡುವೆ ಚದರ ಸೆಂ.ಮೀ.ಗೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಕಡಿಮೆ ಇರುವುದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ನಾಲ್ಕೂ ಸಿಲಿಂಡರ್ ಸಮನಾಗಿ ಕುಸಿದರೆ ತೊಂದರೆ ಎಲ್ಲಕ್ಕೂ ಸೇರಿದ್ದು. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಮತ್ತು ಐಡ್ಲ್ ವಾಲ್ವಿನಲ್ಲಿ ಕಾರ್ಬನ್ ಕಟ್ಟಿರಬಹುದು, ಎಸಿ ಹಾಕಿದಾಗ ಬಂದ್ ಆಗುವಂತೆ ಆಗುವುದಕ್ಕೆ ಇದೂ ಕಾರಣ. ಇನ್ನು ವ್ಯಾಕ್ಯೂಮ್ ಪೈಪ್ ಬಿರುಕು. ಇದರ ಗುರುತು ಏನೆಂದರೆ ಐಡ್ಲಿಂಗ್ ಕೆಟ್ಟಿರುತ್ತದೆ, ರೇಸ್ ಕೊಟ್ಟ ಹಾಗೆಲ್ಲ ಸರಿಹೋಗುತ್ತದೆ. ಎರೆ ಹೊಲದ ಕಡೆ, ಕಣದ ಪಕ್ಕ ಗಾಡಿ ನಿಲ್ಲಿಸುವವರಾದರೆ ಇಲಿ ಕಡಿದ ಪೈಪ್, ವೈರ್ ಇದೆಯಾ ಅಂತ ಮೊದಲೇ ಕಣ್ಣಾಡಿಸಿ.

ವ್ಯಾಕ್ಯೂಮ್ ಗೇಜ್ (ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ಮೀಟರ್) ಇಟ್ಟಿರುವ ಮೆಕ್ಯಾನಿಕ್ ಸಿಕ್ಕರೆ ಬಿಡಬೇಡಿ. ಪುಸ್ತಕಗಳಲ್ಲಿ ಐಡ್ಲಿಂಗ್‌ಗೆ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ಅಂತ ಬರೆದಿರುತ್ತದೆ, ಅದು ಸಮುದ್ರ ಮಟ್ಟದ ಲೆಕ್ಕ. ಗದಗ, ಹುಬ್ಬಳ್ಳಿ ಎರಡೂ 2000 ಅಡಿಗಿಂತ ಮೇಲಿವೆ, ಪ್ರತಿ 1000 ಅಡಿಗೆ ಸುಮಾರು 1 ಇಂಚು ಕಳೆಯಬೇಕು. ಅಂದರೆ ನಮ್ಮಲ್ಲಿ 15ರಿಂದ 19ರಲ್ಲಿ ಮುಳ್ಳು ಅಲ್ಲಾಡದೆ ನಿಂತರೆ ಸಾಕು. 2500 ಆರ್‌ಪಿಎಂನಲ್ಲಿ ಹಿಡಿದಾಗ ಮುಳ್ಳು ಮೆಲ್ಲಗೆ ಇಳಿಯುತ್ತಲೇ ಹೋದರೆ ಕನ್ವರ್ಟರ್ ಕಟ್ಟಿಕೊಂಡಿದೆ, ಹೊಗೆ ಹೊರಗೆ ಹೋಗಲು ದಾರಿ ಇಲ್ಲ. ಮಿಸ್ಸಿಂಗ್ ಇಟ್ಟುಕೊಂಡೇ ಬಹಳ ದಿನ ಓಡಿಸಿದ ಗಾಡಿಗಳಲ್ಲಿ ಇದು ಆಗುತ್ತದೆ, ಅದಕ್ಕೇ ತಡ ಮಾಡಬೇಡಿ ಅನ್ನುವುದು.

ಚೆಕ್ ಎಂಜಿನ್ ಲೈಟ್ ಬಂದಿಲ್ಲ ಅಂತ ಧೈರ್ಯವಾಗಿರಬೇಡಿ. ಅಷ್ಟು ಹಳೆಯ ಗಾಡಿಯ ಕಂಪ್ಯೂಟರ್ ಇಂಥ ಎಲ್ಲಾ ಮಿಸ್ಸಿಂಗನ್ನೂ ಹಿಡಿಯುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಅದರ ಜೊತೆ ಮಾತಾಡುತ್ತದೆ ಅನ್ನುವ ಭರವಸೆಯೂ ಇಲ್ಲ.

ಪ್ರಶ್ನೆ: ನನ್ನ ಹಳೇ ಕಾರಿಗೆ ಎಲ್‌ಪಿಜಿ ಕಿಟ್ ಇದೆ. ಬೆಳಿಗ್ಗೆ ಚೆನ್ನಾಗಿರುತ್ತದೆ, ಎಂಜಿನ್ ಕಾದ ಮೇಲೆ ಐಡ್ಲಿಂಗ್ ತಡವರಿಸುತ್ತದೆ. ಪೆಟ್ರೋಲಿಗೆ ಹಾಕಿದರೂ ಅದೇ. ಟ್ಯಾಪೆಟ್ ಸದ್ದೇನೂ ಇಲ್ಲ.
– ಹಾವೇರಿಯ ಓದುಗರು

ಉತ್ತರ: ಎರಡೂ ಇಂಧನದಲ್ಲಿ ಒಂದೇ ಥರ ಆಗುತ್ತಿದೆ ಅಂದರೆ ಕಿಟ್ ಮೇಲೆ ತಪ್ಪು ಹೊರಿಸಬೇಡಿ, ವಾಲ್ವ್ ಒತ್ತಿ ತೆರೆಸುವ ಟ್ಯಾಪೆಟ್ ನೋಡಿಸಿ. ಸದ್ದು ಇಲ್ಲ ಅನ್ನುವುದೇ ನನಗೆ ಅನುಮಾನ. ಗ್ಯಾಸಿನಲ್ಲಿ ಓಡಿದ ಹಳೇ ಎಂಜಿನ್‌ಗಳಲ್ಲಿ ವಾಲ್ವ್ ಸೀಟ್ ಸವೆದು ವಾಲ್ವ್ ಮೇಲಕ್ಕೆ ಕೂರುತ್ತದೆ, ಆಗ ಟ್ಯಾಪೆಟ್ ಗ್ಯಾಪ್ ಕಡಿಮೆ ಆಗುತ್ತದೆ. ಎಂಜಿನ್ ಕಾದಾಗ ಆ ಗ್ಯಾಪ್ ಪೂರ್ತಿ ಹೋಗಿ ವಾಲ್ವ್ ಸರಿಯಾಗಿ ಮುಚ್ಚುವುದೇ ಇಲ್ಲ, ಕಂಪ್ರೆಷನ್ ಸೋರುತ್ತದೆ. ಹಾಗೇ ಓಡಿಸಿದರೆ ಎಗ್ಸಾಸ್ಟ್ ವಾಲ್ವ್ ಸುಟ್ಟು ಹೆಡ್ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. ಈಗ ಹಿಡಿದರೆ ಬರೀ ಅಡ್ಜಸ್ಟ್‌ಮೆಂಟಿನಲ್ಲೇ ಮುಗಿಯಬಹುದು. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಕೊಟ್ಟ ಗ್ಯಾಪನ್ನೇ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ಇಡಿಸಿ, ಎಂಜಿನ್ ತಣ್ಣಗಿದ್ದಾಗ ಅಳೆಯಬೇಕಾ ಬಿಸಿ ಇದ್ದಾಗಲಾ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ.