ಲಾಭದ ಮಾತು ಗ್ರಾಹಕರ ಮುಂದೆ ಮಾತ್ರ ಏಕೆ ಬರುವುದಿಲ್ಲ?

ತಂತ್ರಜ್ಞಾನ ಕಂಪನಿಗಳು ತಮ್ಮ ಆ್ಯಪ್‌ಗಳಲ್ಲಿ ಬದಲಾವಣೆ ತರುವಾಗ, ಅದರಿಂದ ತಮಗಾಗುವ ಲಾಭದ ಮಾತನ್ನೇ ಎತ್ತದೆ ಕುಶಲ ವಿಚಾರಿಸಿದಷ್ಟು ಸಲೀಸಾಗಿ ಅದನ್ನು ಏಕೆ ಪ್ರಕಟಿಸುತ್ತವೆ, ಒಳಗಿನ ಲೆಕ್ಕವನ್ನು ಸಾಮಾನ್ಯರು ಗುರುತಿಸುವುದು ಹೇಗೆ ಎಂದು ನೀವು ಕೇಳಿದ್ದೀರಿ. ನಾನು ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಧಾನ್ಯ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುವವನು. ಯಾರ ರೊಕ್ಕ ಯಾವ ಬಾಬತ್ತಿಗೆ ಯಾರ ಕೈ ಸೇರಿತು ಎಂದು ನೋಡುವುದೇ ನನ್ನ ದಿನದ ಕೆಲಸವಾದ್ದರಿಂದ ಆ ದೃಷ್ಟಿಯಿಂದಲೇ ಉತ್ತರಿಸುತ್ತೇನೆ.

ಮೊದಲು ನಮ್ಮಂಗಡಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ರೈತರಿಗೆ ಕೊಡುವ ಪಟ್ಟಿಯನ್ನು, ಅಂದರೆ ಮಾರಾಟದ ಲೆಕ್ಕದ ಚೀಟಿಯನ್ನು, ತಯಾರಿಸಲು ನಾವು ಒಂದು ಉಚಿತ ಆ್ಯಪ್ ಬಳಸುತ್ತಿದ್ದೆವು. ಒಂದು ದಿನ ಅದನ್ನು ತೆರೆದಾಗ ಹೂವಿನ ಚಿತ್ರದೊಂದಿಗೆ ‘ನಿಮಗಾಗಿ ಹೊಸ ನೋಟ’ ಎಂಬ ಸಾಲು ಕಾಣಿಸಿತು, ಕೆಳಗೆ ‘ಸರಿ’ ಎಂಬ ಗುಂಡಿ ಇತ್ತು, ನಾನು ಒತ್ತಿದೆ. ತೊಗರಿ ಬರುವ ಕಾಲ, ಅಂಗಳದ ತುಂಬ ಚೀಲಗಳು. ಚಿತ್ತಾಪುರದ ಕಡೆಯ ಹಿರಿಯ ರೈತರೊಬ್ಬರು 14 ಚೀಲ ಮಾರಿ ಹಣ ಎಣಿಸಿಕೊಂಡು ನಿಂತಿದ್ದರು. ಪಟ್ಟಿ ಹೊರಡಲಿಲ್ಲ. ಈ ತಿಂಗಳ ಉಚಿತ ಮಿತಿ ಮುಗಿದಿದೆ, ಮುಂದಿನದಕ್ಕೆ ಹಣ ಕಟ್ಟಿರಿ ಎಂಬ ಬರಹ ಬಂತು. ‘ರೊಕ್ಕ ಕೊಟ್ರಿ, ಪಟ್ಟಿ ಎಲ್ಲಿದ ತಮ್ಮಾ?’ ಎಂದು ಅವರು ಕೇಳಿದರು. ಹಮಾಲಿ ಎಷ್ಟು, ತೂಕದ ಖರ್ಚು ಎಷ್ಟು ಎಂದು ಹಾಳೆಯಲ್ಲಿ ಕೈಯಿಂದ ಬರೆದು ಕೊಟ್ಟೆ. ಆ ಮಿತಿಯ ವಿಷಯ ಹೂವಿನ ಚಿತ್ರದ ಹಿಂದಿನ ಮೂರನೆಯ ಪುಟದಲ್ಲಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಆ ಆ್ಯಪಿನವರು ಹಣ ಕೇಳಿದ್ದು ನನಗೆ ತಪ್ಪಾಗಿ ಕಾಣಲಿಲ್ಲ. ನಾವೂ ಕಮಿಷನ್ ಮೇಲೆಯೇ ಬದುಕುವವರು, ಆದರೆ ಆ ಕಮಿಷನ್ ಬರಹದಲ್ಲಿರುತ್ತದೆ. ಬಹಿರಂಗ ಹರಾಜು ಬರುವುದಕ್ಕೆ ಮುಂಚೆ ದೇಶದ ಅನೇಕ ಮಾರುಕಟ್ಟೆಗಳಲ್ಲಿ ಖರೀದಿದಾರನೂ ದಲ್ಲಾಳಿಯೂ ಟವೆಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ದರ ಕುದುರಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ದರ ತಿಳಿಯುತ್ತಿರಲಿಲ್ಲ. ನಿಯಂತ್ರಿತ ಮಾರುಕಟ್ಟೆಯ ಕಾನೂನುಗಳು ಆ ಪದ್ಧತಿಯನ್ನು ನಿಷೇಧಿಸಿದವು. ನೀವು ಕೇಳಿರುವ ಪ್ರಕಟಣೆಗಳನ್ನು ಓದುವಾಗ ನನಗೆ ಆ ಟವೆಲಿನ ನೆನಪೇ ಬರುತ್ತದೆ.

ಎಲ್ಲರೂ ಬಲ್ಲ ವಾಟ್ಸ್ಆ್ಯಪ್ ಉದಾಹರಣೆಯನ್ನೇ ನೋಡೋಣ. ಫೇಸ್‌ಬುಕ್ ಕಂಪನಿ 2014ರಲ್ಲಿ ಸುಮಾರು 19 ಶತಕೋಟಿ ಡಾಲರ್ ಮೊತ್ತಕ್ಕೆ ಅದನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. 2016ರ ಜನವರಿಯಲ್ಲಿ, ಮೊದಲ ವರ್ಷದ ನಂತರ ಕೆಲವರಿಂದ ಪಡೆಯುತ್ತಿದ್ದ ವಾರ್ಷಿಕ ಶುಲ್ಕವನ್ನು ಕೈಬಿಟ್ಟಿರುವುದಾಗಿ ವಾಟ್ಸ್ಆ್ಯಪ್ ಪ್ರಕಟಿಸಿತು. ಅನೇಕರ ಬಳಿ ಕಾರ್ಡ್ ಇಲ್ಲ, ಸಂಪರ್ಕ ಕಡಿದುಹೋದೀತೆಂದು ಅವರು ಚಿಂತಿಸುತ್ತಾರೆ ಎಂಬ ಕಾರಣವನ್ನು ಕೊಟ್ಟಿತು, ಕಾರಣ ಸುಳ್ಳೂ ಅಲ್ಲ. ಆದರೆ ವ್ಯಾಪಾರ ಸಂಸ್ಥೆಗಳು ಬಳಕೆದಾರರನ್ನು ಸಂಪರ್ಕಿಸುವ ಸಾಧನಗಳನ್ನು ಆ ವರ್ಷದಿಂದ ಪರೀಕ್ಷಿಸುತ್ತೇವೆ ಎಂಬ ಮಾತೂ ಅದೇ ಪ್ರಕಟಣೆಯಲ್ಲಿತ್ತು. ನಾನು ಖಾತೆ ಬರೆಯುವವನಾಗಿ ಓದಿದರೆ, ಹಣ ಕೊಡುವವರ ಹೆಸರು ಅಲ್ಲಿ ಬದಲಾಯಿತು: ಇನ್ನು ಮುಂದೆ ಗಿರಾಕಿ ವ್ಯಾಪಾರ ಸಂಸ್ಥೆ, ಅಂಗಳದಲ್ಲಿ ಇಳಿಸಿದ ಮಾಲು ನಾವು. ಅದೇ ವರ್ಷದ ಆಗಸ್ಟ್‌ನಲ್ಲಿ ಬಳಕೆದಾರರ ಫೋನ್ ಸಂಖ್ಯೆ ಮುಂತಾದ ಮಾಹಿತಿಯನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳುವ ನೀತಿ ಬಂತು. ಜಾಹೀರಾತಿಗಾಗಿ ಅದರ ಬಳಕೆ ಬೇಡವೆನ್ನುವ ಹಳೆಯ ಬಳಕೆದಾರರು ತಾವೇ ಸೆಟ್ಟಿಂಗ್ಸ್ ಹುಡುಕಿ 30 ದಿನದೊಳಗೆ ನಿರಾಕರಿಸಬೇಕಿತ್ತು. 2021ರಲ್ಲಿ ಮತ್ತೊಂದು ನೀತಿ ಬಂತು. ಅದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರ್‌ನಲ್ಲಿ ಮೆಟಾ (ಫೇಸ್‌ಬುಕ್ ಕಂಪನಿಯ ಈಗಿನ ಹೆಸರು) ಮೇಲೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು, ಕಂಪನಿ ಮೇಲ್ಮನವಿ ಸಲ್ಲಿಸಿತು. ಸ್ಟೇಟಸ್‌ಗಳ ನಡುವೆ ಜಾಹೀರಾತು ತೋರಿಸುವ ಪ್ರಕಟಣೆ 2025ರ ಜೂನ್‌ನಲ್ಲಿ ಬಂತು. ಪ್ರತಿ ಹೆಜ್ಜೆಯೂ ಬಿಡಿಯಾಗಿ ಚಿಕ್ಕದು. ಒಂಬತ್ತು ವರ್ಷಗಳನ್ನು ಒಂದೇ ಪುಟದಲ್ಲಿ ಬರೆದಾಗಲೇ ಅದು ಒಂದು ದಾರಿ ಎಂದು ಕಾಣುತ್ತದೆ.

ಹೀಗೇಕೆ ಎಂಬುದಕ್ಕೆ ಉತ್ತರ, ಒಂದೇ ಕಂಪನಿ ಇಬ್ಬರ ಮುಂದೆ ಎರಡು ಬಗೆಯಾಗಿ ಮಾತನಾಡುತ್ತದೆ ಎಂಬುದರಲ್ಲಿದೆ. ಅಮೆರಿಕದ ಷೇರುಪೇಟೆಯಲ್ಲಿರುವ ಕಂಪನಿಗಳು ತಮ್ಮ ಆದಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಪ್ರತಿ ವರ್ಷ ಹೂಡಿಕೆದಾರರಿಗೆ ತಿಳಿಸಲೇಬೇಕು. ತನ್ನ ಆದಾಯ ಹೆಚ್ಚೂಕಡಿಮೆ ಪೂರ್ತಿ ಜಾಹೀರಾತಿನದೇ ಎಂದು ಮೆಟಾ ಅಲ್ಲಿ ನೇರವಾಗಿ ಬರೆಯುತ್ತದೆ. 2023ರಲ್ಲಿ ಒಟ್ಟು ಆದಾಯದ ಶೇ. 75ಕ್ಕಿಂತ ಹೆಚ್ಚು ಪಾಲು ಆನ್‌ಲೈನ್ ಜಾಹೀರಾತಿನಿಂದ ಬಂತು ಎಂದು ಗೂಗಲ್‌ನ ಮಾತೃಸಂಸ್ಥೆಯಾದ ಆಲ್ಫಾಬೆಟ್ ಬರೆದಿದೆ. ಅಲ್ಲಿ ಹೂವಿನ ಚಿತ್ರಗಳಿಲ್ಲ. ಹಣ ಹಾಕಿದವನಿಗೆ ಲಾಭ ಹೇಳದಿದ್ದರೆ ಕಾನೂನು ಹಿಡಿಯುತ್ತದೆ. ಮಾಹಿತಿ ಕೊಟ್ಟವನಿಗೆ ಲಾಭ ಹೇಳಿದರೆ ಅವನು ಯೋಚಿಸತೊಡಗುತ್ತಾನೆ, ಪ್ರಶ್ನಿಸುತ್ತಾನೆ, ಒಪ್ಪದೆಯೂ ಇರಬಹುದು.

ಜೋರಾಗಿ ಹೇಳಿದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶದಲ್ಲೇ ಕಂಡಿದ್ದೇವೆ. ಕೆಲವೇ ಜಾಲತಾಣಗಳನ್ನು ಉಚಿತವಾಗಿ ಕೊಡುವ ಫ್ರೀ ಬೇಸಿಕ್ಸ್ ಯೋಜನೆಯನ್ನು ಫೇಸ್‌ಬುಕ್ ಬಡವರ ಸೇವೆಯೆಂದು ಪುಟತುಂಬ ಜಾಹೀರಾತು ಕೊಟ್ಟು ಸಾರಿತು. ಜನ ಎದ್ದು ಕೇಳಿದರು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಫೆಬ್ರವರಿ 8ರಂದು ಅಂತಹ ತಾರತಮ್ಯದ ದರಗಳನ್ನು ನಿಷೇಧಿಸಿತು. ಮೆಲುದನಿಯ ಪ್ರಕಟಣೆಗೆ ಅಂತಹ ಪ್ರತಿರೋಧ ಹುಟ್ಟುವುದು ಕಡಿಮೆ. ಆ ದನಿಯನ್ನು ಆರಿಸಿಕೊಳ್ಳುವುದರಲ್ಲೇ ಲೆಕ್ಕಾಚಾರವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗುರುತಿಸುವ ಬಗೆ ಕಷ್ಟದ್ದೇನಲ್ಲ. ಪ್ರಕಟಣೆಯಲ್ಲಿನ ವಿಶೇಷಣಗಳನ್ನು ಬಿಟ್ಟು ಕ್ರಿಯಾಪದಗಳನ್ನೂ ದಿನಾಂಕಗಳನ್ನೂ ಓದಬೇಕು. ಗೂಗಲ್ ಫೋಟೋಸ್ 2015ರಲ್ಲಿ, ತುಸು ಕುಗ್ಗಿಸಿದ ಫೋಟೋಗಳನ್ನು ಮಿತಿಯಿಲ್ಲದೆ ಉಚಿತವಾಗಿ ಇಡಬಹುದು ಎಂದಿತ್ತು. 2020ರ ನವೆಂಬರ್‌ನ ಪ್ರಕಟಣೆಯಲ್ಲಿ ನೆನಪುಗಳ ಬಗ್ಗೆ ಹಿತವಾದ ಮಾತುಗಳೇ ಇದ್ದವು. ದಿನಾಂಕ ಮಾತ್ರ 2021ರ ಜೂನ್ 1, ಅಂದಿನಿಂದ ಹೊಸ ಫೋಟೋಗಳು ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿದ 15 ಜಿಬಿಯೊಳಗೇ ಎಣಿಕೆಯಾಗತೊಡಗಿದವು. ಯಾವುದು ತೆರೆಯಿತು ಎಂಬುದನ್ನು ಕಂಪನಿಯೇ ಹೇಳುತ್ತದೆ, ಯಾವುದು ಮುಚ್ಚಿತು ಎಂಬುದನ್ನು ನಾವು ಹುಡುಕಬೇಕು. ನಾವು ಏನೂ ಮಾಡದೆ ಸುಮ್ಮನಿದ್ದರೆ ಯಾರಿಗೆ ಅನುಕೂಲವಾಗುತ್ತದೆ ಎಂದೂ ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಇದೊಂದು ಪ್ರಶ್ನೆಗೇ ಅರ್ಧ ಉತ್ತರ ಸಿಗುತ್ತದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಚಂದಾದಾರಿಕೆಯಲ್ಲಿ ಸಿಲುಕಿಸುವುದು, ಒಂದನ್ನು ತೋರಿಸಿ ಇನ್ನೊಂದನ್ನು ಕೊಡುವುದು ಅವುಗಳಲ್ಲಿ ಸೇರಿವೆ. ದೂರಿಗೆ 1915 ಸಹಾಯವಾಣಿ ಇದೆ.

ದೂರು ಕೊಡಲು ಸಾಕ್ಷಿ ಬೇಕು, ಆ ಆ್ಯಪಿನ ವಿಷಯದಲ್ಲಿ ನಮ್ಮ ಬಳಿ ಅದೇ ಇರಲಿಲ್ಲ. ಹಾಗಾಗಿ ಈಗ ಅಮಾವಾಸ್ಯೆಯಂದು, ನಮ್ಮಂಗಡಿಯಲ್ಲಿ ವ್ಯಾಪಾರವಿಲ್ಲದ ದಿನ, ಖಾತೆಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಂಡು, ಬಾಕಿ ಇರುವ ರೈತರ ಪುಟಗಳನ್ನು ಮುದ್ರಿಸಿ ಕಪಾಟಿನಲ್ಲಿ ಇಡುತ್ತೇನೆ. ಯಾವ ಆ್ಯಪ್ ಹೊಸ ಸೂಚನೆ ತೋರಿಸಿದರೂ ‘ಸರಿ’ ಒತ್ತುವ ಮುನ್ನ ಅದರ ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ. ನಿಮ್ಮ ಫೋನಿನಲ್ಲಿ ಅಂತಹ ಸೂಚನೆ ಈಗಲೂ ಇದ್ದರೆ, ಅಳಿಸುವ ಮುನ್ನ ನೀವೂ ತೆಗೆದಿಟ್ಟುಕೊಳ್ಳಿ.