ಕಲಾದಗಿಯಲ್ಲಿ ಹುಟ್ಟಿದ ಒಲಿಂಪಿಕ್ ಪೈಲ್ವಾನ

ಬಾಗಲಕೋಟೆಯ ಓದುಗರೊಬ್ಬರ ಪತ್ರ: "ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಗೆದ್ದ ಮೊದಲ ಬ್ರಿಟಿಷ್ ಆಟಗಾರ ನಮ್ಮ ಕಲಾದಗಿಯಲ್ಲಿ ಹುಟ್ಟಿದವನಂತೆ. ನಿಜವೇ? ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿ ಅವನಿಗೂ ಹುಚ್ಚು ಹಿಡಿದಿರಬಹುದೇ? ನಾಟಕದ ಥಿಯೇಟರ್, ಸರ್ಕಸ್‌ಗಳಲ್ಲಿ ಗುಂಡು ಎತ್ತುತ್ತಿದ್ದ ಪೈಲ್ವಾನರ ಆಟ ಒಲಿಂಪಿಕ್ಸ್‌ವರೆಗೆ ಹೋದದ್ದಾದರೂ ಹೇಗೆ?"

ಸಂಪಾದಕರ ಉತ್ತರ:

ಮೊದಲ ಪ್ರಶ್ನೆಗೆ ಉತ್ತರ ಸುಲಭ. ನಿಜ. ಅವನ ಹೆಸರು ಲಾನ್ಸೆಸ್ಟನ್ ಎಲಿಯಟ್. 1874ರ ಜೂನ್ 9ರಂದು ಕಲಾದಗಿಯಲ್ಲಿ ಹುಟ್ಟಿದ. ಆಗ ಕಲಾದಗಿ ಮುಂಬಯಿ ಪ್ರಾಂತ್ಯದ ಒಂದು ಜಿಲ್ಲಾ ಕೇಂದ್ರ. ಅಪ್ಪ ಬ್ರಿಟಿಷ್ ಸರ್ಕಾರದ ಅಧಿಕಾರಿ. ಸ್ಕಾಟ್ಲೆಂಡಿನ ದೊಡ್ಡ ಮನೆತನ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಹೆಸರು ಕೊಟ್ಟ ವೈಸ್‌ರಾಯ್ ಇದೇ ವಂಶದವನು. ಮಗುವಿಗೆ ಲಾನ್ಸೆಸ್ಟನ್ ಎಂದು ಹೆಸರಿಟ್ಟದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿರುವ ಊರಿನ ನೆನಪಿಗೆ.

ಎರಡನೆಯದಕ್ಕೆ ಹೌದು ಅನ್ನಲು ನನಗೂ ಆಸೆ. ಆದರೆ ಹಾಗನ್ನಲು ಯಾವ ಆಧಾರವೂ ಇಲ್ಲ. ಹದಿಮೂರರ ವಯಸ್ಸಿಗೇ ಅವನು ಮನೆಯವರ ಜೊತೆ ಇಂಗ್ಲೆಂಡಿಗೆ ಹೊರಟುಹೋದ. ಭಾರ ಎತ್ತುವುದನ್ನು ಕಲಿತದ್ದು ಅಲ್ಲಿ, ಯೂಜೆನ್ ಸ್ಯಾಂಡೋ ಬಳಿ. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಯಾಂಡೋ ಬನಿಯನ್ ಇದ್ಯಲ್ಲ, ಅದೇ ಸ್ಯಾಂಡೋ. ಹೆಮ್ಮೆಪಡಿ, ತಪ್ಪಿಲ್ಲ. ಸಂಗ್ರಾಣಿ ಕಲ್ಲಿಗೆ ಮಾತ್ರ ಇದರ ಕೀರ್ತಿ ಕೊಡಬೇಡಿ.

ಆದರೂ ಆ ಕಲ್ಲಿನ ಮಾತು ತೆಗೆದದ್ದು ಒಳ್ಳೆಯದಾಯಿತು. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಜಾತ್ರೆಯ ಕಲ್ಲು ಯಾರದ್ದು? ಊರಿನದ್ದು. ಎಲ್ಲರೂ ಅದೇ ಕಲ್ಲಿಗೆ ಕೈ ಹಾಕಬೇಕು. ಎತ್ತಿದನೋ ಇಲ್ಲವೋ ಸುತ್ತ ನಿಂತವರಿಗೆ ಕಾಣುತ್ತದೆ. ಯುರೋಪಿನ ಥಿಯೇಟರ್ ಪೈಲ್ವಾನರದ್ದು ಹಾಗಲ್ಲ. ಅವರ ಗುಂಡು ಅವರದ್ದೇ. ಅದರ ತೂಕ ಎಷ್ಟು ಅಂತ ಹೇಳುವವರೂ ಅವರೇ. ಒಳಗೆ ಟೊಳ್ಳಿರುವ ಉಂಡೆಗಳ ಬಾರ್ಬೆಲ್ ಆ ಕಾಲದಲ್ಲಿ ಸಾಮಾನ್ಯ. ಸೀಸದ ಚೂರುಗಳನ್ನು ತುಂಬಿ ತೂಕ ಏರಿಸಬಹುದಿತ್ತು, ಸುರಿದು ಇಳಿಸಲೂಬಹುದಿತ್ತು. ಟಿಕೆಟ್ ಕೊಟ್ಟು ಬಂದವನು ನಂಬಬೇಕು, ಅಷ್ಟೇ.

ಎಲ್ಲರೂ ಮೋಸಗಾರರು ಅಂತ ಹೇಳುತ್ತಿಲ್ಲ. ಫ್ರಾನ್ಸಿನಲ್ಲಿ ಅಪೋಲಾನ್ ಎಂಬ ಹೆಸರಿನಲ್ಲಿ ಮೆರೆದ ಲೂಯಿ ಯೂನಿಯನ್ನೇ ನೋಡಿ. ರೈಲು ಗಾಡಿಯ ಎರಡು ಚಕ್ರ, ನಡುವೆ ಒಂದು ಅಚ್ಚು. ಒಟ್ಟು ತೂಕ ಸುಮಾರು 166 ಕಿಲೋ. ಇವತ್ತಿನ ಒಲಿಂಪಿಕ್ ಲಿಫ್ಟರ್‌ಗಳಿಗೆ ಅದೇನು ಮಹಾ ಭಾರವಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಈಗಿನ ಬಾರ್ ಹಿಡಿಯುವ ಜಾಗದಲ್ಲಿ 28 ಮಿಲಿಮೀಟರ್ ದಪ್ಪ. ಆ ಅಚ್ಚು 49. ಬೆರಳು ಸುತ್ತಿ ಹಿಡಿತ ಕೂರುವುದೇ ಕಷ್ಟ. ಸಾಲದ್ದಕ್ಕೆ ಅಚ್ಚಿನ ಜೊತೆ ಚಕ್ರವೂ ಗಟ್ಟಿಯಾಗಿ ಕೂತಿತ್ತು. ಮೇಲೆತ್ತಿ ಎದೆಗೆ ತರುವಾಗ ಇಡೀ ಭಾರ ಕೈಯೊಳಗೇ ತಿರುಗುತ್ತಿತ್ತು. ಆಮೇಲೆ ಅದನ್ನು ತಲೆಯ ಮೇಲಕ್ಕೆತ್ತಿದವರಲ್ಲಿ ಹೆಸರಾದವರು ಮೂವರು: 1930ರಲ್ಲಿ ಚಾರ್ಲ್ಸ್ ರಿಗುಲೊ, 1949ರಲ್ಲಿ ಜಾನ್ ಡೇವಿಸ್, 1954ರಲ್ಲಿ ನಾರ್ಬರ್ಟ್ ಶೆಮಾನ್ಸ್ಕಿ. ಮೂವರೂ ಒಲಿಂಪಿಕ್ ಚಾಂಪಿಯನ್‌ಗಳು. ಇಂಗ್ಲೆಂಡಿನ ಥಾಮಸ್ ಇಂಚ್ ಹೂಡಿದ ಆಟವೂ ಇದೇ. ಅವನ ಡಂಬೆಲ್ ಬರೀ 78 ಕಿಲೋ. ಆದರೆ ಹಿಡಿ ಆರು ಸೆಂಟಿಮೀಟರ್ ದಪ್ಪ. ಬಂದವರೆಲ್ಲ ಎಳೆದರು, ನೆಲ ಬಿಡಲಿಲ್ಲ.

ಇಲ್ಲಿ ಸುಳ್ಳಿಲ್ಲ. ಆದರೆ ಸ್ಪರ್ಧೆಯೂ ಇಲ್ಲ. ವರ್ಷಗಟ್ಟಲೆ ಅದೊಂದೇ ವಸ್ತುವಿನ ಮೇಲೆ ಪಳಗಿದವನ ಎದುರು ನಿನ್ನೆ ಬಂದವನು ಹೇಗೆ ಗೆದ್ದಾನು?

ಜಗಳ ಬೀದಿಗೆ ಬಂದದ್ದು ಲಂಡನ್ನಿನಲ್ಲಿ. 1889ರಲ್ಲಿ ಅಲ್ಲಿನ ರಾಯಲ್ ಅಕ್ವೇರಿಯಂ ಥಿಯೇಟರ್‌ನಲ್ಲಿ ಚಾರ್ಲ್ಸ್ ಸ್ಯಾಂಪ್ಸನ್ ಎಂಬವನ ದರ್ಬಾರು. ತನ್ನ ಶಿಷ್ಯ ಸೈಕ್ಲೋಪ್ಸ್‌ನನ್ನು ಸೋಲಿಸಿದರೆ 100 ಪೌಂಡ್, ತನ್ನನ್ನೇ ಸೋಲಿಸಿದರೆ 500 ಪೌಂಡ್ ಎಂದು ದಿನಾ ಸವಾಲು. ಯಾರೂ ಬರುವುದಿಲ್ಲ ಎಂಬ ಧೈರ್ಯ. ಬಂದ ಒಬ್ಬ, ಇಪ್ಪತ್ತೆರಡರ ಸ್ಯಾಂಡೋ. ಜೊತೆಯಲ್ಲಿ ಗುರು ಲೂಯಿ ಅಟಿಲಾ. ಅಕ್ಟೋಬರ್ ಕೊನೆಯಲ್ಲಿ ಶಿಷ್ಯನನ್ನು ಸೋಲಿಸಿದ, ನವೆಂಬರ್ ಶುರುವಿನಲ್ಲಿ ಸ್ಯಾಂಪ್ಸನ್‌ನನ್ನೇ. ತೀರ್ಪು ಕೊಡಲು ಕೂತವರಲ್ಲಿ ಬಾಕ್ಸಿಂಗ್ ನಿಯಮಗಳಿಗೆ ಹೆಸರು ಕೊಟ್ಟ ಮಾರ್ಕ್ವಿಸ್ ಆಫ್ ಕ್ವೀನ್ಸ್‌ಬೆರಿಯೂ ಇದ್ದ. ಸ್ಯಾಂಪ್ಸನ್ ಮಾತ್ರ ಸೋಲು ಒಪ್ಪಲಿಲ್ಲ. ಒಂದೇ ರಾತ್ರಿಗೆ ಸ್ಯಾಂಡೋ ಸ್ಟಾರ್ ಆದ.

ಮುಂದೆ ಅವನಿಗೂ ಅದೇ ಗತಿ ಬಂತು. 1898ರಲ್ಲಿ ಶೆಫೀಲ್ಡ್‌ನಲ್ಲಿ ಜರ್ಮನಿಯ ಆರ್ಥರ್ ಸ್ಯಾಕ್ಸನ್ ಎದುರಿಗೆ ನಿಂತ. ಸ್ಯಾಕ್ಸನ್ ಎತ್ತಿದ ಬಾರ್ಬೆಲ್ಲನ್ನು ಸ್ಯಾಂಡೋ ಸರಿಯಾಗಿ ಎತ್ತಿದನೇ ಇಲ್ಲವೇ ಎಂಬುದೇ ತಗಾದೆ. ಸ್ಯಾಕ್ಸನ್ ತಂಡ 'ಸ್ಯಾಂಡೋನನ್ನು ಸೋಲಿಸಿದವರು' ಎಂದು ಜಾಹೀರಾತು ಕೊಟ್ಟಿತು. ಸ್ಯಾಂಡೋ ಕೋರ್ಟ್ ಮೆಟ್ಟಿಲೇರಿ ಗೆದ್ದ. ಕೋರ್ಟಿನಲ್ಲಿ ಗೆದ್ದ ಎಂಬುದನ್ನು ಗಮನಿಸಿ. ಶಕ್ತಿಯ ಲೆಕ್ಕದಲ್ಲಿ ಸ್ಯಾಕ್ಸನ್ನೇ ಜಾಸ್ತಿ ಅಂತ ನನಗನಿಸುತ್ತದೆ. ಸೊಂಟ ಓರೆಯಾಗಿ ಬಗ್ಗಿಸಿ, ಭಾರದ ಕೆಳಗೆ ಮೈ ತೂರಿಸಿ ಎತ್ತುವ ಬೆಂಟ್ ಪ್ರೆಸ್‌ನಲ್ಲಿ ಅವನು ಒಂದೇ ಕೈಯಲ್ಲಿ ಸುಮಾರು 168 ಕಿಲೋ ಎತ್ತಿದವನು. ಸ್ಯಾಂಡೋ ಮಾರಿದ್ದು ಶಕ್ತಿಗಿಂತ ಮೈಕಟ್ಟನ್ನು. 1901ರಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ದೇಹದಾರ್ಢ್ಯ ಸ್ಪರ್ಧೆ ನಡೆಸಿದಾಗ ಅವನ ಪಕ್ಕ ತೀರ್ಪುಗಾರನಾಗಿ ಕೂತವನು ಪತ್ತೇದಾರಿ ಕಥೆಗಳ ಆರ್ಥರ್ ಕಾನನ್ ಡಾಯ್ಲ್. ಅದೇ ಇನ್ನೊಂದು ಕಥೆ, ಬಿಡಿ.

ಈ ಗಲಾಟೆ ನೋಡಿ ಬೇಸತ್ತವರು ಹವ್ಯಾಸಿಗಳು. ಹಣಕ್ಕಾಗಿ ಎತ್ತದ ಡಾಕ್ಟರ್‌ಗಳು, ಮೇಷ್ಟ್ರುಗಳು, ಗುಮಾಸ್ತರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಡಾಕ್ಟರ್ ಕ್ರಾಯೆವ್ಸ್ಕಿ 1885ರಲ್ಲೇ ಇಂಥವರ ಕೂಟ ಕಟ್ಟಿದ್ದ. ಕುಸ್ತಿಯಲ್ಲಿ ಜಗತ್ತೇ ಕೊಂಡಾಡಿದ ಹ್ಯಾಕೆನ್‌ಸ್ಮಿತ್ ಅವನ ಕೈಯಲ್ಲಿ ಪಳಗಿದವನು. ಫ್ರಾನ್ಸಿನಲ್ಲಿ ಎಡ್ಮಂಡ್ ದೆಬೊನೆ ಯಾರು ಏನು ಎತ್ತಿದರು ಎಂದು ದಾಖಲೆ ಇಡಲು ಶುರು ಮಾಡಿದ. ಬರ್ಮಿಂಗ್‌ಹ್ಯಾಮ್‌ನಲ್ಲಿ ಲಾರೆನ್ಸ್ ಲೆವಿ ಎಂಬ ಶಾಲಾ ಮೇಷ್ಟ್ರು ಇದ್ದ. ಮೊದಲ ವಿಶ್ವ ಚಾಂಪಿಯನ್‌ಷಿಪ್ ಎಂದು ಈಗ ಒಪ್ಪಿರುವ ಸ್ಪರ್ಧೆ ಗೆದ್ದವನು ಅವನೇ. 1891ರ ಮಾರ್ಚ್ 28, ಲಂಡನ್ನಿನ ಪಿಕಡಿಲಿಯ ಕೆಫೆ ಮೊನಿಕೊ. ಹೌದು, ಒಂದು ರೆಸ್ಟೋರೆಂಟ್! ಏಳೇ ಜನ ಸ್ಪರ್ಧಿಗಳು. ಮೈತೂಕದ ವಿಭಾಗಗಳಿಲ್ಲ. ಲೆವಿಗೆ ಆಗ ನಲವತ್ತು ಹತ್ತಿರ. ಸೋತವರಲ್ಲಿ ಹದಿನಾರರ ಒಬ್ಬ ಹುಡುಗನಿದ್ದ: ನಿಮ್ಮ ಕಲಾದಗಿಯ ಎಲಿಯಟ್.

ಐದು ವರ್ಷದ ಮೇಲೆ, 1896ರ ಏಪ್ರಿಲ್‌ನಲ್ಲಿ, ಅದೇ ಹುಡುಗ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ನಿಂತಿದ್ದ. ಎರಡು ಕೈಯಲ್ಲಿ ಎತ್ತುವ ಸ್ಪರ್ಧೆಯಲ್ಲಿ ಅವನೂ ಡೆನ್ಮಾರ್ಕ್‌ನ ವಿಗ್ಗೊ ಯೆನ್ಸನ್ ಕೂಡ ಎತ್ತಿದ್ದು ಸರಿಸಮ, 111.5 ಕಿಲೋ. ತೀರ್ಪುಗಾರ ಗ್ರೀಸ್‌ನ ರಾಜಕುಮಾರ ಜಾರ್ಜ್. ಯೆನ್ಸನ್ ಎತ್ತಿದ ರೀತಿ ಚೆನ್ನಾಗಿತ್ತು ಎಂದು ಅವನಿಗೆ ಮೊದಲ ಸ್ಥಾನ ಕೊಟ್ಟ. ಬ್ರಿಟಿಷರು ತಕರಾರು ತೆಗೆದರು, ಪ್ರಯೋಜನವಾಗಲಿಲ್ಲ. ಆಮೇಲೆ ಒಂದು ಕೈಯ ಸ್ಪರ್ಧೆ. ಅಷ್ಟರಲ್ಲಿ ಯೆನ್ಸನ್ ಭುಜಕ್ಕೆ ಪೆಟ್ಟಾಗಿತ್ತು. ಅವನು ಎತ್ತಿದ್ದು 57.2 ಕಿಲೋ, ಎಲಿಯಟ್ 71. ಬ್ರಿಟನ್‌ನ ಮೊದಲ ಒಲಿಂಪಿಕ್ ಗೆಲುವು ಇದು. ಚಿನ್ನದ ಪದಕ ಎಂದು ಹಲವರು ಬರೆಯುತ್ತಾರೆ. ಆಗ ಗೆದ್ದವನಿಗೆ ಕೊಡುತ್ತಿದ್ದದ್ದು ಬೆಳ್ಳಿ, ಜೊತೆಗೆ ಆಲಿವ್ ಟೊಂಗೆ. ಎಲಿಯಟ್ ಅಲ್ಲಿ 100 ಮೀಟರ್ ಓಡಿದ, ಕುಸ್ತಿ ಹಿಡಿದ, ಹಗ್ಗವನ್ನೂ ಹತ್ತಿದ. ಅವುಗಳಲ್ಲಿ ಏನೂ ಗಿಟ್ಟಲಿಲ್ಲ.

ತಮಾಷೆ ಏನು ಗೊತ್ತೇ? ಹೀಗೆ ಗೆದ್ದವನು ಕೊನೆಗೆ ಹೋದದ್ದು ಅದೇ ಥಿಯೇಟರ್‌ಗೆ. ಪದಕ ಹೊಟ್ಟೆ ತುಂಬಿಸುವುದಿಲ್ಲವಲ್ಲ. ಹೆಗಲ ಮೇಲೆ ಅಡ್ಡ ಕೋಲಿಟ್ಟು, ಎರಡು ತುದಿಗೂ ಸೈಕಲ್ ಸಮೇತ ಒಬ್ಬೊಬ್ಬನನ್ನು ನೇತುಹಾಕಿ ಗಿರಗಿರ ತಿರುಗುತ್ತಿದ್ದ. 1930ರಲ್ಲಿ ಮೆಲ್ಬರ್ನ್‌ನಲ್ಲಿ ತೀರಿಕೊಂಡ.

ಆಟ ಮಾತ್ರ ಮುಂದಕ್ಕೆ ಹೋಯಿತು, ಅದೂ ಎಡವುತ್ತ. 1900, 1908, 1912ರ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವುದು ಇರಲೇ ಇಲ್ಲ. 1920ರಲ್ಲಿ ಆಂಟ್ವರ್ಪ್‌ನಲ್ಲಿ ಮತ್ತೆ ಬಂದಾಗ ಮೈತೂಕದ ಐದು ವಿಭಾಗಗಳಾದವು. 1928ರಲ್ಲಿ ಒಂದು ಕೈಯ ಲಿಫ್ಟ್‌ಗಳು ಹೋದವು. ಪ್ರೆಸ್ (ಎದೆಯಿಂದ ತೋಳಿನ ಬಲದಲ್ಲೇ ಮೇಲಕ್ಕೆ), ಸ್ನ್ಯಾಚ್ (ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ), ಕ್ಲೀನ್ ಅಂಡ್ ಜರ್ಕ್ (ಮೊದಲು ಎದೆಗೆ, ಆಮೇಲೆ ತಲೆಯ ಮೇಲಕ್ಕೆ) ಉಳಿದವು. ಆ ವರ್ಷ ಆಮ್‌ಸ್ಟರ್‌ಡ್ಯಾಂನಲ್ಲಿ ಜರ್ಮನಿಯ ಬೆರ್ಗ್ ಬಾರ್ ಬಂತು. ಅದರ ತುದಿಗಳು ತಿರುಗುತ್ತವೆ, ಕೈಯೊಳಗಿನ ಬಾರ್ ತಿರುಚುವುದಿಲ್ಲ. ಎಲ್ಲರಿಗೂ ಒಂದೇ ಬಾರ್, ಎದುರಿಗೇ ಬಿಲ್ಲೆ ಹಾಕಿ ತೂಕ ಏರಿಸುವುದು. ಸ್ಯಾಂಪ್ಸನ್ ಬಂದಿದ್ದರೂ ಕೈಚಳಕ ನಡೆಯುತ್ತಿರಲಿಲ್ಲ.

ಒಂದು ತಗಾದೆ ಮಾತ್ರ ಬಹಳ ಕಾಲ ಉಳಿಯಿತು. ಪ್ರೆಸ್‌ನಲ್ಲಿ ನೆಟ್ಟಗೆ ನಿಂತು ತೋಳಿನ ಬಲದಿಂದಲೇ ಎತ್ತಬೇಕು. ಲಿಫ್ಟರ್‌ಗಳು ಹಿಂದಕ್ಕೆ ಬಾಗುತ್ತಾ ಬಾಗುತ್ತಾ ಹೆಚ್ಚುಕಡಿಮೆ ಮಲಗುವ ಹಂತಕ್ಕೆ ಬಂದರು. ಎಷ್ಟು ಬಾಗಿದರೆ ತಪ್ಪು ಎಂಬುದರಲ್ಲಿ ತೀರ್ಪುಗಾರರಿಗೇ ಒಮ್ಮತವಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ಮುಗಿದ ಮೇಲೆ ಪ್ರೆಸ್ಸನ್ನೇ ಕೈಬಿಟ್ಟರು. ನೀವು ಈಗ ಟಿವಿಯಲ್ಲಿ ಎರಡೇ ಲಿಫ್ಟ್ ನೋಡುತ್ತಿರುವುದು ಅದಕ್ಕೇ.