ಪೊಲೀಸರ ಪ್ರೆಸ್‌ನೋಟು ಮತ್ತು ನಿಮ್ಮ ಅಳಿಯಂದಿರ ಮಾತು

ಓದುಗರ ಪತ್ರ: ಮಾನ್ಯ ಸಂಪಾದಕರೇ, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬೇಜಾರಾಯಿತು. ಪೂರಾ ಒಂದೇ ಕಡೆ ವಾಲಿದೆ. ನಾನು ಟೆಕ್ಸಾಸ್‌ನಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದವನು. ಅಲ್ಲಿನ ಪೊಲೀಸರಷ್ಟು ಮರ್ಯಾದೆಯಿಂದ ಮಾತಾಡುವವರನ್ನು ಇಲ್ಲಿ ಕಂಡಿಲ್ಲ. ಅವರು ಹೇಳಿದಂತೆ ಕೇಳಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ನನ್ನ ಅಳಿಯ ಹೇಳುತ್ತಾರೆ. ಗುಂಡು ಹಾರಿಸುವುದರಲ್ಲಿ ಬಣ್ಣಭೇದವಿಲ್ಲ ಎಂದು ಹಾರ್ವರ್ಡ್‌ನ ಪ್ರೊಫೆಸರೇ ತೋರಿಸಿದ್ದಾರೆ, ಅವರೂ ಕಪ್ಪು ಜನರೇ. ಮೆಂಫಿಸ್‌ನಲ್ಲಿ ಕಪ್ಪು ಯುವಕನೊಬ್ಬನನ್ನು ಹೊಡೆದು ಕೊಂದ ಐವರೂ ಕಪ್ಪು ಪೊಲೀಸರು. ಮತ್ತೆ ಜನಾಂಗದ ಮಾತೇಕೆ? ಅದೂ ನಮಗೇಕೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಸಂಪಾದಕರ ಉತ್ತರ: ಸಾರ್, ನಿಮ್ಮ ಪತ್ರ ಇದರ ಮೂರರಷ್ಟಿತ್ತು. ಜಾಗವಿಲ್ಲದೆ ಮೊಟಕು ಮಾಡಿದ್ದೇನೆ, ಕ್ಷಮೆಯಿರಲಿ. ಇಷ್ಟು ಓದಿಕೊಂಡು, ಇಷ್ಟು ಮುದ್ದಾದ ಅಕ್ಷರದಲ್ಲಿ ಜಗಳಕ್ಕೆ ಬರುವವರು ಈಗ ಕಡಿಮೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಮಾತಿನಲ್ಲಿ ನ್ಯಾಯವೇ ಇಲ್ಲ ಅಂತಲ್ಲ. ಜನರಿಗಿಂತ ಬಂದೂಕು ಜಾಸ್ತಿ ಇರುವ ದೇಶ ಅದು. ರಾತ್ರಿ ಕಾರು ನಿಲ್ಲಿಸಿ ಕಿಟಕಿ ಹತ್ತಿರ ಹೋಗುವ ಪೊಲೀಸಿಗೆ ಒಳಗಿರುವವರ ಕೈಯಲ್ಲಿ ಏನಿದೆಯೋ ಗೊತ್ತಿರುವುದಿಲ್ಲ. 2016ರ ಜುಲೈನಲ್ಲಿ ನಿಮ್ಮ ಮಗಳ ಟೆಕ್ಸಾಸ್‌ನಲ್ಲೇ, ಡಲ್ಲಾಸ್‌ನಲ್ಲಿ, ಪ್ರತಿಭಟನೆಯ ಬಂದೋಬಸ್ತಿಗಿದ್ದ ಐವರು ಪೊಲೀಸರು ಗುಂಡಿಗೆ ಸತ್ತರು. 2014ರಲ್ಲಿ ಫರ್ಗುಸನ್‌ನಲ್ಲಿ ಕಪ್ಪು ಹುಡುಗನೊಬ್ಬ ಪೊಲೀಸ್ ಗುಂಡಿಗೆ ಸತ್ತಾಗ, ಆತ ಕೈ ಮೇಲೆತ್ತಿ ನಿಂತಿದ್ದ ಎಂದು ದೇಶವೆಲ್ಲ ಕೂಗಿತು. ಆ ಮಾತಿಗೆ ನಂಬುವಂಥ ಆಧಾರವಿಲ್ಲ ಎಂದು ಒಬಾಮ ಕಾಲದ ನ್ಯಾಯ ಇಲಾಖೆಯೇ ಹೇಳಿತು. ಇಷ್ಟು ನಿಮ್ಮ ಖಾತೆಗೆ ಜಮಾ.

ಇನ್ನು ನನ್ನ ತಕರಾರು. ನನ್ನ ಬಹಳ ಹಳೆಯ ತಕರಾರು, ಓದುಗರಿಗೆ ಕೇಳಿ ಕೇಳಿ ಸಾಕಾಗಿರಲೂಬಹುದು. ಪೊಲೀಸರು ಹೊಡೆದರು ಎನ್ನುವುದು ಒಂದು ಸುದ್ದಿ. ಹೊಡೆದ ಮೇಲೆ ಅವರು ಏನು ಬರೆದು ಕೊಟ್ಟರು, ಅದನ್ನು ಯಾರು ನಂಬಿದರು ಎನ್ನುವುದು ಅದಕ್ಕಿಂತ ದೊಡ್ಡ ಸುದ್ದಿ.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ, ಡೆರೆಕ್ ಶೋವಿನ್ ಎಂಬ ಪೊಲೀಸ್ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೂತು, ಫ್ಲಾಯ್ಡ್ ಸತ್ತರು. ಆ ರಾತ್ರಿ ಪೊಲೀಸರು ಕೊಟ್ಟ ಪ್ರಕಟಣೆ ಸಿಕ್ಕರೆ ಓದಿ. ತಲೆಬರಹದಲ್ಲೇ ಇದು ವೈದ್ಯಕೀಯ ತೊಂದರೆಯಿಂದಾದ ಸಾವು. ಒಳಗೆ ಇರುವುದು ಇಷ್ಟು: ವ್ಯಕ್ತಿ ಪ್ರತಿರೋಧ ಒಡ್ಡಿದ, ಬೇಡಿ ಹಾಕಲಾಯಿತು, ಮೈ ಸರಿಯಿಲ್ಲದಂತೆ ಕಂಡಿತು, ಆಂಬುಲೆನ್ಸ್ ಕರೆಸಲಾಯಿತು, ಯಾರೂ ಆಯುಧ ಬಳಸಲಿಲ್ಲ. ಮೊಣಕಾಲಿನ ಸುದ್ದಿಯೇ ಇಲ್ಲ. ಕುತ್ತಿಗೆಯ ಸುದ್ದಿಯೂ ಇಲ್ಲ.

ಅದೇ ಸಂಜೆ ಡಾರ್ನೆಲಾ ಫ್ರೇಜಿಯರ್ ಎಂಬ 17 ವರ್ಷದ ಹುಡುಗಿ, ಚಿಕ್ಕಮ್ಮನದೋ ಅತ್ತೆಯದೋ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ತಿಂಡಿ ತರಲು ಆ ಮೂಲೆಯ ಅಂಗಡಿಗೆ ಹೊರಟಿದ್ದಳು. ಬೀದಿಯಲ್ಲಿ ನಡೆಯುತ್ತಿದ್ದುದನ್ನು ನೋಡಿದಳು. ಚಿಕ್ಕವಳನ್ನು ಅಂಗಡಿಯೊಳಗೆ ಕಳಿಸಿ, ವಾಪಸ್ ಬಂದು ಫೋನು ಹಿಡಿದು ನಿಂತಳು. ಕೂಗಾಡಿದ್ದು ಸುತ್ತಲಿದ್ದವರು. ಅವಳು ಕೈ ಅಲುಗದಂತೆ ಹಿಡಿದೇ ಇದ್ದಳು. ಆ ಮೊಣಕಾಲು 9 ನಿಮಿಷ 29 ಸೆಕೆಂಡು ಅಲ್ಲಿತ್ತು ಎಂದು ಕೋರ್ಟಿನಲ್ಲಿ ಲೆಕ್ಕವಾಯಿತು. ಡೆರೆಕ್ ಶೋವಿನ್‌ಗೆ ಇಪ್ಪತ್ತೆರಡೂವರೆ ವರ್ಷ ಜೈಲಾಯಿತು. 2021ರಲ್ಲಿ, ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಕೊಡುವ ಪುಲಿಟ್ಜರ್ ಮಂಡಳಿ ಆ ಹುಡುಗಿಗೆ ವಿಶೇಷ ಗೌರವ ಕೊಟ್ಟಿತು. ಪತ್ರಿಕೋದ್ಯಮ ಕಲಿಸುವ ಎಷ್ಟು ಕಾಲೇಜುಗಳಲ್ಲಿ ಅವಳ ಹೆಸರು ಹೇಳುತ್ತಾರೋ ನೋಡಬೇಕು.

ಇದೊಂದೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. 2015ರಲ್ಲಿ ನಾರ್ತ್ ಚಾರ್ಲ್‌ಸ್ಟನ್‌ನಲ್ಲಿ ಬ್ರೇಕ್‌ಲೈಟ್ ಕೆಟ್ಟಿದೆ ಎಂದು ವಾಲ್ಟರ್ ಸ್ಕಾಟ್ ಅವರ ಕಾರು ನಿಲ್ಲಿಸಿದರು. ಆತ ನನ್ನ ಟೇಸರ್ (ಕರೆಂಟು ಹೊಡೆಸುವ ಗನ್ನು) ಕಿತ್ತುಕೊಂಡ, ಜೀವಭಯದಿಂದ ಗುಂಡು ಹೊಡೆದೆ ಎಂಬುದು ಪೊಲೀಸಿನ ಮೊದಲ ಮಾತು. ಹಾದಿಹೋಕರೊಬ್ಬರ ಫೋನಿನಲ್ಲಿ ಸಿಕ್ಕಿದ್ದು ಬೆನ್ನು ತೋರಿಸಿ ಓಡುತ್ತಿರುವ ಮನುಷ್ಯ. ಲೂಯಿವಿಲ್‌ನಲ್ಲಿ ಬ್ರಿಯೊನಾ ಟೇಲರ್ ಅವರನ್ನು ಅವರದೇ ಮನೆಯಲ್ಲಿ ಗುಂಡಿಟ್ಟು ಕೊಂದ ಮೇಲೆ ಹೊರಬಂದ ಘಟನಾ ವರದಿಯಲ್ಲಿ, ಗಾಯಗಳು ಎಂಬ ಕಡೆ ‘ಇಲ್ಲ’ ಎಂದು ನಮೂದಾಗಿತ್ತು.

ಈಗ ನಿಮ್ಮ ಮೆಂಫಿಸ್‌ಗೇ ಬರೋಣ. 2023ರ ಜನವರಿಯಲ್ಲಿ ಟೈರ್ ನಿಕೋಲ್ಸ್ ಅವರನ್ನು ಹೊಡೆದವರು ಕಪ್ಪು ಪೊಲೀಸರು, ಸರಿ. ಮರುದಿನ ಬಂದ ಪ್ರಕಟಣೆಯಲ್ಲಿ ಎರಡು ಸಲ ‘ಘರ್ಷಣೆ’ ನಡೆಯಿತು, ಆಮೇಲೆ ಆತ ಉಸಿರಾಟದ ತೊಂದರೆ ಹೇಳಿಕೊಂಡ ಎಂದಿತ್ತು. ಕಂಬದ ಮೇಲಿದ್ದ ಕ್ಯಾಮೆರಾ ಬೇರೆಯದನ್ನೇ ತೋರಿಸಿತು. ಯೂನಿಫಾರ್ಮ್ ಹಾಕಿದ ಮೇಲೆ ಚರ್ಮದ ಬಣ್ಣ ಯಾವುದಾದರೂ ಪ್ರಕಟಣೆಯ ಭಾಷೆ ಒಂದೇ. ಜನಾಂಗದ ಪ್ರಶ್ನೆ ಬರುವುದು ಈ ತುದಿಯಲ್ಲಲ್ಲ, ಆ ತುದಿಯಲ್ಲಿ. ಯಾರನ್ನು ನಿಲ್ಲಿಸುತ್ತಾರೆ, ಯಾರು ಸತ್ತರೆ ಪ್ರಕಟಣೆಯನ್ನು ಯಾರೂ ಪ್ರಶ್ನಿಸುವುದಿಲ್ಲ ಎನ್ನುವಲ್ಲಿ. ಫರ್ಗುಸನ್‌ನ ಹುಡುಗನ ವಿಷಯದಲ್ಲಿ ಪೊಲೀಸಿನ ಪರ ಬಂತಲ್ಲ ಆ ವರದಿ, ಅದರ ಜೊತೆಗೇ ಅದೇ ದಿನ ಇಲಾಖೆ ಇನ್ನೊಂದನ್ನೂ ಹೊರಡಿಸಿತು. ಊರಿನ ಜನಸಂಖ್ಯೆಯಲ್ಲಿ ಕಪ್ಪು ಜನ ಶೇ 67. ನಿಲ್ಲಿಸಿದ ವಾಹನಗಳಲ್ಲಿ ಅವರದು ಶೇ 85, ಬಂಧಿತರಲ್ಲಿ ಶೇ 93. ಪುರಸಭೆ ದಂಡದ ಹಣವನ್ನು ಆದಾಯವೆಂದು ಲೆಕ್ಕ ಹಾಕಿ, ಇನ್ನಷ್ಟು ತನ್ನಿ ಎಂದು ಪೊಲೀಸರ ಬೆನ್ನು ಬಿದ್ದಿತ್ತು. ನಮ್ಮವರು ಮೊದಲ ವರದಿಯನ್ನು ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ.

ಹಾರ್ವರ್ಡ್‌ನ ಪ್ರೊಫೆಸರ್ ರೋಲಂಡ್ ಫ್ರೈಯರ್. 2016ರ ಅವರ ಅಧ್ಯಯನವನ್ನು ನೀವು ಹೇಳಿದ್ದು ಅರ್ಧ. ಗುಂಡಿನ ವಿಷಯದಲ್ಲಿ ಭೇದ ಕಾಣಲಿಲ್ಲ ಎಂದರು, ನಿಜ. ತಳ್ಳುವುದು, ಗೋಡೆಗೆ ಒತ್ತುವುದು, ಬೇಡಿ ಹಾಕುವುದು, ಇದರಲ್ಲೆಲ್ಲ ಭೇದ ಎದ್ದು ಕಾಣುತ್ತದೆ ಎಂದೂ ಅವರೇ ಬರೆದಿದ್ದಾರೆ. ಇನ್ನೊಂದು ವಿಷಯ. ಹ್ಯೂಸ್ಟನ್‌ನ ಗುಂಡಿನ ಲೆಕ್ಕವನ್ನು ಅವರು ತೆಗೆದದ್ದು ಪೊಲೀಸರು ಬರೆದಿಟ್ಟ ವರದಿಗಳಿಂದ. ಮತ್ತೆ ಅಲ್ಲಿಗೇ ಬಂದೆವಲ್ಲ! ಬ್ಯಾಂಕಿನಲ್ಲಿ ನೀವು ಸಾಲಗಾರನೇ ಬರೆದುಕೊಟ್ಟ ಆಸ್ತಿ ಮೌಲ್ಯವನ್ನು ಒಪ್ಪಿ ಸಾಲ ಕೊಡುತ್ತಿದ್ದಿರಾ? ವರ್ಷಕ್ಕೆ ಎಷ್ಟು ಜನ ಪೊಲೀಸ್ ಗುಂಡಿಗೆ ಸಾಯುತ್ತಾರೆ ಎಂಬ ಪೂರ್ತಿ ಲೆಕ್ಕ ಅಮೆರಿಕದ ಸರ್ಕಾರದ ಬಳಿಯೇ ಇರಲಿಲ್ಲ. 2015ರಿಂದ ಅದನ್ನು ಎಣಿಸಲು ಕುಳಿತದ್ದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ. ವರ್ಷಕ್ಕೆ ಸುಮಾರು ಸಾವಿರ. ಜನಸಂಖ್ಯೆಗೆ ಹೋಲಿಸಿದರೆ ಕಪ್ಪು ಜನರ ಸಾವಿನ ಪ್ರಮಾಣ ಬಿಳಿಯರದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ.

ಇನ್ನು ನಿಮ್ಮ ಅಳಿಯಂದಿರು. ಹೇಳಿದಂತೆ ಕೇಳಿದರೆ ಏನೂ ಆಗಲ್ಲ ಅಂತಾರಲ್ಲ, ಅವರಿಗೆ ಅಲಬಾಮಾದ ಮ್ಯಾಡಿಸನ್ ಊರಿನ ಕತೆ ಹೇಳಿ. 2015ರ ಫೆಬ್ರುವರಿ. ಗುಜರಾತಿನ 57 ವರ್ಷದ ಅಜ್ಜ, ಮೊಮ್ಮಗನನ್ನು ನೋಡಿಕೊಳ್ಳಲು ಆಗಷ್ಟೇ ಮಗನ ಮನೆಗೆ ಬಂದಿದ್ದವರು. ಬೆಳಿಗ್ಗೆ ವಾಕಿಂಗ್ ಹೊರಟರು. ನಿಮ್ಮ ಹಾಗೆಯೇ. ಸಪೂರ ಮೈಯ ಕಪ್ಪು ಮನುಷ್ಯನೊಬ್ಬ ಓಡಾಡುತ್ತಿದ್ದಾನೆ ಎಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದು ಪ್ರಶ್ನೆ ಕೇಳಿದರು. ಅಜ್ಜ ‘ನೋ ಇಂಗ್ಲಿಷ್’ ಅಂದರು, ‘ಇಂಡಿಯಾ’ ಅಂದರು. ಕೈ ಹಿಂದಕ್ಕೆ ಹಿಡಿದು ನೆಲಕ್ಕೆ ಕೆಡವಿದರು. ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲು ಭಾಗಶಃ ಸ್ವಾಧೀನ ತಪ್ಪಿತು. ಪೊಲೀಸ್ ಪ್ರಕಟಣೆ ಏನು ಹೇಳಿತ್ತು ಗೊತ್ತೇ? ಆತ ಜೇಬಿಗೆ ಕೈ ಹಾಕಿದ, ತಪಾಸಣೆ ಮಾಡಹೋದರೆ ಕೊಸರಿಕೊಂಡ. ಪೊಲೀಸ್ ಕಾರಿನ ಕ್ಯಾಮೆರಾದ ದೃಶ್ಯ ಹೊರಬಂದ ಮೇಲೆ ಅಲಬಾಮಾದ ಗವರ್ನರೇ ಭಾರತದ ಕ್ಷಮೆ ಕೇಳಿದರು. ಆದರೂ ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ಜಡ್ಜ್ ಆ ಪೊಲೀಸನ್ನು ಖುಲಾಸೆ ಮಾಡಿದರು.

ಹಾಗಾಗಿ, ನಮಗೇಕೆ ಎಂಬ ನಿಮ್ಮ ಪ್ರಶ್ನೆ ನನಗೆ ಅಷ್ಟು ಹಿಡಿಸಲಿಲ್ಲ ಸಾರ್. ಅಲ್ಲಿ ನಾವೂ ಒಂದು ಫೋನ್ ಕರೆಯ ಅಂತರದಲ್ಲಿ ಕಪ್ಪು ಜನರೇ. ಇಲ್ಲಿ ನಾವೇನು ಕಡಿಮೆ? 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಬಡಿಯಿತು. ಅವಳಿಗೂ ಆ ಕಾರಿಗೂ ಯಾವ ಸಂಬಂಧವೂ ಇರಲಿಲ್ಲ. 2021ರ ಆಗಸ್ಟ್‌ನಲ್ಲಿ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದ ಕಾಂಗೋ ದೇಶದ ಯುವಕ ಸತ್ತ. ಹೃದಯಾಘಾತ ಎಂದರು ಪೊಲೀಸರು. ಠಾಣೆ ಮುಂದೆ ಸೇರಿದ ಆಫ್ರಿಕನ್ನರ ಮೇಲೆ ಲಾಠಿ ಬೀಸಿದರು.

ನಮ್ಮ ಪತ್ರಿಕೆಗಳ ವಿಷಯ ಬಂದರೆ ನನಗೆ ಬಿಪಿ ಏರುತ್ತದೆ. ಈ ಸಾಲುಗಳು ನಿಮಗೆ ಬಾಯಿಪಾಠ ಇರಬೇಕು: ‘ಮಹಜರಿಗೆ ಕರೆದೊಯ್ದಾಗ ಆರೋಪಿ ಪೊಲೀಸರ ಮೇಲೆ ಹಲ್ಲೆ ನಡೆಸಿ ಪರಾರಿಯಾಗಲು ಯತ್ನಿಸಿದ. ಗಾಳಿಯಲ್ಲಿ ಗುಂಡು ಹಾರಿಸಿ ಶರಣಾಗುವಂತೆ ಸೂಚಿಸಿದರೂ ಕೇಳದಿದ್ದಾಗ, ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹಾರಿಸಲಾಯಿತು.’ ಊರು, ತಾರೀಕು, ಹೆಸರು ಬದಲಾಗುತ್ತದೆ. ಉಳಿದದ್ದು ಯಥಾವತ್. ಪ್ರತಿ ಸಲವೂ ಒಬ್ಬ ಪೇದೆಯ ಕೈಗೆ ಗಾಯ. ಆ ಗಾಯ ನೋಡಿದ ಡಾಕ್ಟರನ್ನು ಮಾತಾಡಿಸಿದ ಒಬ್ಬ ವರದಿಗಾರನನ್ನು ತೋರಿಸಿ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಕ್ರೈಂ ಸುದ್ದಿ ಟೇಬಲ್ಲಿಗೆ ಬಂದರೆ ಕೆಂಪು ಪೆನ್ನು ಬಿಚ್ಚಿ, ‘ನೀನ್ ಅಲ್ಲಿದ್ಯೇನಯ್ಯಾ?’ ಅಂತ ಕೇಳುತ್ತಿದ್ದರು. ಇಲ್ಲ ಸಾರ್ ಅಂದರೆ, ‘ಮತ್ತೆ ನೋಡ್ದವನ ಥರ ಬರ್ದಿದ್ಯಲ್ಲ!’ ಗುಂಡು ಹೊಡೆದವರ ಹೆಸರೇನು, ಎಷ್ಟು ದೂರದಿಂದ, ಬೇಡಿ ಹಾಕಿತ್ತೋ ಇಲ್ಲವೋ, ಪಂಚರು ಯಾರು ಎಂದು ಕೇಳಿ ಕೇಳಿ ಹುಡುಗರ ಬೆವರಿಳಿಸುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಠಾಣೆಗೆ ಮತ್ತೆ ಫೋನು ಹಚ್ಚಬೇಕಿತ್ತು. ಅವರನ್ನು ಕಂಡರೆ ನಮಗ್ಯಾರಿಗೂ ಆಗುತ್ತಿರಲಿಲ್ಲ. ಈಗ ಅವರ ಜಾಗದಲ್ಲಿ ಪೊಲೀಸರ ವಾಟ್ಸ್‌ಆ್ಯಪ್ ಗ್ರೂಪ್ ಇದೆ. ಬಂದದ್ದನ್ನು ಕಾಪಿ ಮಾಡಿ ಹಾಕಿದರೆ ಆಯಿತು, ಪುಟ ಬೇಗ ಮುಗಿಯುತ್ತದೆ.

ಶಿಕಾಗೊದಲ್ಲಿ 17ರ ಹುಡುಗ ಲಕ್ವಾನ್ ಮೆಕ್‌ಡೊನಾಲ್ಡ್‌ಗೆ ಪೊಲೀಸಿನ 16 ಗುಂಡು ಬಿದ್ದಿದ್ದವು. ಚಾಕು ಹಿಡಿದು ಮೈಮೇಲೆ ಬಂದ ಎಂಬುದು ಮೊದಲ ಕತೆ. ಪೊಲೀಸ್ ಕಾರಿನ ಕ್ಯಾಮೆರಾ ದೃಶ್ಯ ಹೊರಬರಲು 13 ತಿಂಗಳು ಹಿಡಿಯಿತು. ತಂದದ್ದು ಯಾವ ದೊಡ್ಡ ಪತ್ರಿಕೆಯೂ ಅಲ್ಲ, ನಮ್ಮ ಆರ್‌ಟಿಐನಂಥ ಕಾನೂನು ಹಿಡಿದು ಕೋರ್ಟಿಗೆ ಹೋದ ಒಬ್ಬ ಸ್ವತಂತ್ರ ಪತ್ರಕರ್ತ. ದೃಶ್ಯದಲ್ಲಿ ಹುಡುಗ ದೂರ ಸರಿದು ನಡೆಯುತ್ತಿದ್ದ. ಗುಂಡು ಹೊಡೆದ ಪೊಲೀಸ್ 2018ರಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು.

ನಮ್ಮಲ್ಲೂ ಪ್ರತಿ ಠಾಣೆಯಲ್ಲಿ, ಲಾಕಪ್ಪೂ ಸೇರಿದಂತೆ, ಸಿಸಿಟಿವಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಹೇಳಿದೆ. ಆದ್ದರಿಂದ ಒಂದು ಕೆಲಸ ಮಾಡೋಣ. ನಿಮ್ಮ ಅಳಿಯಂದಿರನ್ನು ಕೇಳಿ, ಅವರ ಊರಿನಲ್ಲಿ ಪೊಲೀಸರ ಬಾಡಿ ಕ್ಯಾಮೆರಾ ದೃಶ್ಯ ಬೇಕೆಂದರೆ ಯಾರಿಗೆ ಅರ್ಜಿ ಹಾಕಬೇಕು, ಎಷ್ಟು ದಿನ ಕಾಯಬೇಕು, ಎಷ್ಟು ಹಣ ಕಟ್ಟಬೇಕು ಅಂತ. ಅದನ್ನು ಬರೆದು ಕಳಿಸಿ. ಮೈಸೂರಿನಲ್ಲಿ ನಿಮ್ಮ ಮನೆಗೆ ಹತ್ತಿರದ ಠಾಣೆಗೂ ಒಂದು ಆರ್‌ಟಿಐ ಅರ್ಜಿ ಹಾಕಿ, ಕ್ಯಾಮೆರಾ ಎಷ್ಟಿವೆ, ಎಷ್ಟು ನಡೆಯುತ್ತಿವೆ ಎಂದು ಕೇಳಿ. ಎರಡು ಉತ್ತರಗಳನ್ನೂ ಅಕ್ಕಪಕ್ಕದಲ್ಲಿಟ್ಟು ಅಚ್ಚು ಹಾಕುತ್ತೇವೆ, ನಿಮ್ಮ ಹೆಸರು ಬೇಡವೆಂದರೆ ಬೇಡ.